ಹೊನ್ನೆದೊಡ್ಡಿಯ ಆರು ಗಡಿಕಲ್ಲು

1986ನೇ ಇಸವಿ ಆಗಸ್ಟ್ 11, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತಮಿಳುನಾಡಿನ ಗಡಿಯ ತಳಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಕಾಡನ್ನು ಒತ್ತುವರಿ ಮಾಡಿದರೆಂದು ರೈತರ ಮೇಲೆ ದೂರು ಬರುವುದು ಆ ಸೀಮೆಯಲ್ಲಿ ಮಾಮೂಲು. ಈ ದೂರಿನ ಪ್ರಕಾರ ಒತ್ತುವರಿ ಮಾಡಿದ್ದು ಕಾಡು, ಜಮೀನು ಕಳೆದುಕೊಂಡಿದ್ದು ರೈತ. ಇನ್‌ಸ್ಪೆಕ್ಟರ್ ಶ್ಯಾಮಣ್ಣ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಲ ಓದಿದರು.

ಅರ್ಜಿ ತಂದವರು ವೆಂಕಟರಮಣಪ್ಪ, ವಯಸ್ಸು ಐವತ್ತೆರಡು, ಊರು ಹೊಸೂರಿನ ಪಕ್ಕದ ಮೂಕಂಡಪಲ್ಲಿ. ಬಿಳಿ ಪಂಚೆ ಉಟ್ಟು, ಜಮೀನಿನ ಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಜವಳಗಿರಿ ಕಾಡಿನ ಅಂಚಿಗೆ ಹೊನ್ನೆದೊಡ್ಡಿ ಎಂಬ ಮೂವತ್ತು ಮನೆಯ ಊರಿದೆ. ಅಲ್ಲಿ ಮಾರ್ಚ್ ತಿಂಗಳಲ್ಲಿ ಅವರು ಹನ್ನೆರಡು ಎಕರೆ ಕೊಂಡಿದ್ದರು. ಜಮೀನಿನ ಮೇಲಂಚಿಗೆ ರಿಸರ್ವ್ ಕಾಡಿನ ಗಡಿಕಲ್ಲುಗಳು. ಆ ಕಲ್ಲುಗಳು ಈಗ ಜಮೀನಿನೊಳಗೆ ಬಂದು ನಿಂತಿವೆ ಎಂಬುದು ದೂರು.

"ಕಲ್ಲು ಎಷ್ಟು?" ಶ್ಯಾಮಣ್ಣ ಕೇಳಿದರು.

"ಆರು ಸಾರ್. ನಲವತ್ತೊಂದರಿಂದ ನಲವತ್ತಾರು. ಕಲ್ ಮೇಲೇನೆ ನಂಬರ್ ಕೆತ್ತವ್ರೆ."

"ಎಷ್ಟು ಜರುಗಿವೆ?"

"ನೂರೈವತ್ತು ಅಡಿ."

"ಸರಿಯಾದ ಜಾಗದಲ್ಲಿ ಕೊನೆಗೆ ನೋಡಿದ್ದು?"

"ಜೂನ್ ಇಪ್ಪತ್ತರಲ್ಲಿ. ಮೊನ್ನೆ ಶನಿವಾರ ಆನೆ ಬರ್ದಂಗೆ ಕಂದಕ ತೋಡ್ಸಾಕೆ ಅಳತೆ ಮಾಡಾಕೆ ಹೋದೆ, ಲೆಕ್ಕ ತಪ್ತು. ಇಪ್ಪತ್ತನೇ ತಾರೀಕು ತೋಡೋ ಜನ ಬತ್ತಾರೆ ಸಾರ್."

"ಯಾರ ಮೇಲೆ ಅನುಮಾನ?"

"ಇನ್ಯಾರು? ಫಾರೆಸ್ಟ್‌ನೋರು. ಕಾಡು ದೊಡ್ಡದಾದ್ರೆ ಯಾರ್ಗೆ ಲಾಭ, ನೀವೇ ಯೋಚ್ನೆ ಮಾಡಿ."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಸರ್ಕಾರ ನೆಟ್ಟ ಗಡಿ ಗುರುತು ಕಿತ್ತದ್ದಕ್ಕೆ ದಂಡ ಸಂಹಿತೆಯ 434ನೇ ಕಲಮು, ಬೇರೆಯವರ ಜಮೀನಿಗೆ ಅಕ್ರಮವಾಗಿ ನುಗ್ಗಿದ್ದಕ್ಕೆ 447. ಆರೋಪಿಯ ಹೆಸರಿರಬೇಕಾದ ಕಡೆ 'ಯಾರೋ ಅಪರಿಚಿತರು'.

"ಕಲ್ಲಿಗೇ ಕಾಲು ಬಂದಿದ್ರೆ ಕೋಳ ಎಲ್ಲಿಗೆ ಹಾಕೋದು ಸಾರ್?" ಎಂದ ಹೆಡ್ ಕಾನ್‌ಸ್ಟೇಬಲ್ ಪಾಪಯ್ಯ, ಪ್ರತಿಗಳನ್ನು ಜೋಡಿಸುತ್ತ. ಮೊಣಕಾಲು ನೋವಿನ ಮನುಷ್ಯ. ಬೆಟ್ಟದ ಕಡೆ ತನಿಖೆ ಎಂದರೆ ಮೊದಲು ಅವನ ಮಂಡಿ ಗೊಣಗುತ್ತಿತ್ತು, ಆಮೇಲೆ ಅವನು.

ಶ್ಯಾಮಣ್ಣ ನಗಲಿಲ್ಲ. ಕೆಲಮಂಗಲದ ಕಡೆ ಹುಟ್ಟಿ ಬೆಳೆದವರು, ಇಪ್ಪತ್ತೆರಡು ವರ್ಷದ ಸರ್ವೀಸು. ಕಡತ ಬರೆಯುವುದು ತಮಿಳಿನಲ್ಲಿ, ಅತ್ತೆಯ ಜೊತೆ ಮಾತು ತೆಲುಗಿನಲ್ಲಿ, ಯೋಚನೆ ಮಾತ್ರ ಕನ್ನಡದಲ್ಲಿ. ಈ ಸೀಮೆಯ ಮಣ್ಣಿನ, ಮನುಷ್ಯರ ಬಗ್ಗೆ ತನಗೆ ಗೊತ್ತಿಲ್ಲದ್ದೇನಿಲ್ಲ ಎಂಬ ಜಂಬ ಅವರಿಗಿತ್ತು. ಆ ಜಂಬವನ್ನು ಹೊನ್ನೆದೊಡ್ಡಿ ಒಂದು ವಾರ ಚೆನ್ನಾಗಿ ಆಟವಾಡಿಸಿತು.

ಮರುದಿನ, ಮಂಗಳವಾರ, ಒಂಬತ್ತು ಮುಕ್ಕಾಲಿಗೆ ಜೀಪು ಹೊನ್ನೆದೊಡ್ಡಿ ತಲುಪಿತು. ಊರಿನ ಹಿರಿಯ ದೊಡ್ಡಣ್ಣನವರೂ ಇನ್ನೊಬ್ಬ ರೈತರೂ ಪಂಚರಾದರು. ಸ್ಥಳ ನೋಡಿದ ಕೂಡಲೇ ಶ್ಯಾಮಣ್ಣನವರಿಗೆ ಅದರ ನಕ್ಷೆ ಮನಸ್ಸಿಗೆ ಬಂತು. ಮೇಲೆ ಕಡಿದಾದ ಬಂಡೆಬೆಟ್ಟ, ಅದು ರಿಸರ್ವ್ ಕಾಡು. ಬೆಟ್ಟದ ಬುಡಕ್ಕೆ ಅಂಟಿಕೊಂಡು ಒಂದು ಹುಲ್ಲಿನ ಪಟ್ಟಿ, ನೂರೈವತ್ತು ಅಡಿ ಅಗಲ, ಸಾವಿರ ಅಡಿ ಉದ್ದ. ಅದರ ಕೆಳಗೆ ಹೊಲ, ಹೊಲದ ಕೆಳಗೆ ಊರು. ಪಟ್ಟಿಯ ಎರಡು ತುದಿಗೂ ದಟ್ಟ ಕಾಡು.

ಕಲ್ಲುಗಳು ಪಟ್ಟಿಯ ಕೆಳ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ನೆಟ್ಟ ಕೈ ಒಳ್ಳೆಯ ಕೈ, ಒಂದೂ ಓರೆಯಿರಲಿಲ್ಲ. ಆದರೆ ಪ್ರತಿ ಕಲ್ಲಿನ ಮೇಲೂ ಹಳೆಯ ಮಣ್ಣಿನ ಕೆಂಪು ಗೆರೆ ನೆಲದಿಂದ ಒಂದು ಗೇಣು ಮೇಲಿತ್ತು. ತೊಂಬತ್ತು ವರ್ಷ ಮಣ್ಣಿನಲ್ಲಿ ಹೂತಿದ್ದ ಭಾಗ ಈಗ ಗಾಳಿಗೆ ಬಿದ್ದಿತ್ತು. ಕಲ್ಲು ಕಿತ್ತು ತಂದು ಮತ್ತೆ ನೆಟ್ಟದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದನ್ನು ಪಂಚನಾಮೆಯಲ್ಲಿ ಬರೆಸಿದರು.

"ಈ ಪಟ್ಟಿ ಯಾಕೆ ಯಾರೂ ಉತ್ತಿಲ್ಲ?" ಶ್ಯಾಮಣ್ಣ ದೊಡ್ಡಣ್ಣನವರನ್ನು ಕೇಳಿದರು.

"ಇದು ಆನೆ ಹಾದಿ ಸಾ. ಬಂಡೆ ಮೇಲೆ ಮರಿ ಆನೆ ಹತ್ತಾಕಾಗಾಕಿಲ್ಲ. ಕಾರ್ತೀಕದಾಗೆ ಆ ಕಾಡಿಂದ ಈ ಕಾಡ್ಗೆ ಹೋಗ್ಬೇಕಾದ್ರೆ ಇದ್ರಾಗೇ ಹೋಗ್ಬೇಕು. ನಮ್ ತಾತನ ಕಾಲ್ದಿಂದ ಇಲ್ಲಿ ನೇಗ್ಲು ಇಟ್ಟಿಲ್ಲ."

"ಕಾಗದದಲ್ಲಿ ಪಟ್ಟಾ ಜಮೀನು."

"ಕಾಗ್ದ ಆನೆಗೆ ಓದಾಕ್ ಬತ್ತದಾ?" ಎಂದು ದೊಡ್ಡಣ್ಣ ನಕ್ಕರು. ಆಮೇಲೆ ನಗು ನಿಲ್ಲಿಸಿ ಎದೆ ಸೆಟೆಸಿದರು. "ಬರ್ಕೊಳ್ಳಿ ಸಾ. ಸುತ್ತ ಎಲ್ಲಾ ಊರ್ನಾಗೂ ಆನೆ ತುಳ್ದು ಸತ್ತವ್ರೆ. ಹೊನ್ನೆದೊಡ್ಡೀಲಿ ನಲವತ್ತು ವರ್ಷದಾಗೆ ಒಂದು ಜೀವ ಹೋಗಿಲ್ಲ. ಒಂದು ಕಣ ಕೆಟ್ಟಿಲ್ಲ. ನಾವು ಅವುಕ್ಕೆ ದಾರಿ ಬಿಟ್ವಿ, ಅವು ನಮಗೆ ಊರು ಬಿಟ್ವು."

ಕಂದಕ ತೋಡಿದರೆ ಏನಾಗುತ್ತದೆ ಎಂದು ಶ್ಯಾಮಣ್ಣ ಕೇಳಬೇಕಾಗಲಿಲ್ಲ. ಬೆಟ್ಟದ ಬುಡಕ್ಕೇ ಕಂದಕ ಬಿದ್ದರೆ ಕಾರ್ತೀಕಕ್ಕೆ ಬರುವ ಹಿಂಡು ಕೆಳಕ್ಕೆ ತಿರುಗಬೇಕು. ಕೆಳಗೆ ಇರುವುದು ಮೂವತ್ತು ಮನೆ.

ವೆಂಕಟರಮಣಪ್ಪ ದೂರದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಜೀಪಿನ ಹತ್ತಿರ ಬಂದಾಗ ತಾವಾಗಿಯೇ ಮಾತು ತೆಗೆದರು. ಮೂಕಂಡಪಲ್ಲಿಯಲ್ಲಿ ಅವರ ಒಂಬತ್ತು ಎಕರೆ ರಾಗಿ ಹೊಲ ಕೈಗಾರಿಕೆಗೆಂದು ಸರ್ಕಾರಕ್ಕೆ ಹೋಗಿತ್ತು. ಅದರ ಮೇಲೆ ಈಗ ಒಂದು ಶೆಡ್ಡು, ಶೆಡ್ಡಿನ ಸುತ್ತ ಕಾಂಪೌಂಡು. ಒಬ್ಬ ಮಗ ಅಲ್ಲೇ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಬಂದ ಪರಿಹಾರವನ್ನೆಲ್ಲ ಇಲ್ಲಿ ಸುರಿದಿದ್ದರು.

"ನಂಗೆ ನೇಗ್ಲು ಬಿಟ್ಟು ಬೇರೆ ಬರಾಕಿಲ್ಲ ಸಾರ್. ಇಲ್ಲೂ ಎರಡೂವರೆ ಎಕರೆ ಹೋದ್ರೆ ನಾನು ಎಲ್ಗೆ ಹೋಗ್ಲಿ?"

ಶ್ಯಾಮಣ್ಣನವರಿಗೆ ಅವರ ಮೇಲೂ ಮರುಕ ಬಂತು. ತನಿಖಾಧಿಕಾರಿಗೆ ಎರಡೂ ಕಡೆಯವರ ಮೇಲೆ ಮರುಕ ಬಂದರೆ ಕೇಸು ಹದಗೆಡುತ್ತದೆ ಎಂದು ತಮ್ಮನ್ನೇ ಬೈದುಕೊಂಡರು.

ವಾಪಸು ಹೊರಡುವ ಮುಂಚೆ ಪಾಪಯ್ಯ ಬೆಟ್ಟದ ಬುಡದ ಕಡೆಯಿಂದ ಕೂಗಿದ. ಮಂಡಿ ನೋವೆಂದು ಅಲ್ಲಿ ಬಂಡೆಯ ಮೇಲೆ ಕುಳಿತಿದ್ದವನು. "ಸಾರ್, ಇಲ್ನೋಡಿ. ಯಾವನೋ ಹುಲ್ಲಿನ ಮಧ್ಯೆ ಬೆಳೆ ಇಟ್ಟವ್ನೆ."

ಹುಲ್ಲಿನ ನಡುವೆ ತಟ್ಟೆಯಗಲದ ಜಾಗದಲ್ಲಿ ಗೇಣುದ್ದದ ಪೈರು ಒತ್ತಾಗಿ ಎದ್ದಿತ್ತು. ರಾಗಿ, ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಎಲ್ಲಾ ಒಂದೇ ಗುಂಪಿನಲ್ಲಿ. ಯಾವ ರೈತನೂ ಹೀಗೆ ಬಿತ್ತುವುದಿಲ್ಲ. ಶ್ಯಾಮಣ್ಣ ಇನ್ನೂರು ಅಡಿ ನಡೆದು ನೋಡಿದರು, ಇನ್ನೊಂದು ಗುಂಪು. ಅದರಾಚೆ ಮತ್ತೊಂದು. ಒಟ್ಟು ಆರು, ದಾರ ಎಳೆದ ಹಾಗೆ ನೇರ ಸಾಲು. ಅವು ಕಲ್ಲು ಕಿತ್ತ ಗುಂಡಿಗಳು.

ಅವರ ತಾಯಿಯ ಊರಿನಲ್ಲೂ ಈ ಪದ್ಧತಿ ಇತ್ತು. ನೆಲದಿಂದ ದೊಡ್ಡ ಕಲ್ಲನ್ನೋ ಕಂಬವನ್ನೋ ಕಿತ್ತರೆ ಗುಂಡಿಯನ್ನು ಬರಿದಾಗಿ ಬಿಡುವುದಿಲ್ಲ; ಮನೆಯ ಬೀಜದ ಮಡಕೆಯಿಂದ ಒಂದು ಹಿಡಿ ನವಧಾನ್ಯ ಹಾಕಿ ಭೂಮಿಗೆ ಕೈಮುಗಿದು ಮುಚ್ಚುತ್ತಾರೆ. ಕಳ್ಳತನದಿಂದ ಕಲ್ಲು ಕಿತ್ತವರು ಆ ಹಿಡಿ ಕಾಳನ್ನು ಮಾತ್ರ ಬಿಟ್ಟಿರಲಿಲ್ಲ. ಜುಲೈ ಕೊನೆಯ ಮಳೆ ಉಳಿದ ಕೆಲಸ ಮಾಡಿತ್ತು. ಪಾಪಯ್ಯನ ಬೆನ್ನು ತಟ್ಟಿ, ಒಂದು ಗುಂಪಿನ ಪೈರನ್ನು ಬೇರು ಸಮೇತ ತೆಗೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಸಿ, ಪಂಚರ ಸಹಿ ಮಾಡಿಸಿದರು. ಇಪ್ಪತ್ತೆರಡು ವರ್ಷದಲ್ಲಿ ರಾಗಿ ಪೈರನ್ನು ಜಪ್ತಿ ಮಾಡಿದ್ದು ಅದೇ ಮೊದಲು.

ಅಂದೇ ಮಧ್ಯಾಹ್ನ ಎರಡೂವರೆಗೆ ಜವಳಗಿರಿಯಲ್ಲಿ ಫಾರೆಸ್ಟ್ ಗಾರ್ಡ್ ಲಕ್ಷ್ಮಣಪ್ಪನ ವಿಚಾರಣೆ ನಡೆಯಿತು.

"ಕಲ್ಲು ಜರುಗಿದ್ದು ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಯಾಕೆ ವರದಿ ಮಾಡಲಿಲ್ಲ?"

"ಕಾಡು ಕಮ್ಮಿಯಾದ್ರೆ ವರದಿ ಮಾಡು ಅಂದವ್ರೆ. ಜಾಸ್ತಿಯಾದ್ರೆ ಏನ್ ಮಾಡ್ಬೇಕು ಅಂತ ಯಾರೂ ಹೇಳಿಲ್ಲ."

"ನೀನೇ ಜರುಗಿಸಿದೆಯಾ?"

"ಅಷ್ಟು ಧೈರ್ಯ ಇದ್ದಿದ್ರೆ ಹತ್ತು ವರ್ಷದ ಹಿಂದೇನೆ ಜರುಗಿಸ್ತಿದ್ದೆ ಸಾರ್."

ಮಾತು ಕೊಬ್ಬಿನದಾದರೂ ಹಾಜರಿ ಪುಸ್ತಕ ಅವನ ಪರವಾಗಿತ್ತು. ಜೂನ್ ಕೊನೆಯಿಂದ ಜುಲೈ ಮುಗಿಯುವ ತನಕ ಅವನು ಗಂಧದ ಮರದ ಕೇಸೊಂದಕ್ಕೆ ಡೆಂಕಣಿಕೋಟೆಯಲ್ಲಿ ಕಾವಲಿದ್ದ. ಇದ್ದಿದ್ದರೂ, ಅವನಿಗೆ ಹೊಲವಿಲ್ಲ. ಬೀಜದ ಮಡಕೆಯಿಂದ ನವಧಾನ್ಯ ಹಿಡಿದು ತರುವ ಮನೆಯೂ ಇಲ್ಲ. ಅವನ ಹೆಸರಿನ ಮೇಲೆ ಶ್ಯಾಮಣ್ಣ ಗೆರೆ ಎಳೆದರು.

ಆಗಸ್ಟ್ 13ರಂದು ತಾಲ್ಲೂಕು ಸರ್ವೇಯರ್ ಸರಪಳಿ ಹಿಡಿದು ಬಂದರು. ಹಳೆಯ ನಕ್ಷೆಯ ಗೆರೆ ಆರು ಪೈರಿನ ಗುಂಪುಗಳ ಮೇಲೆಯೇ ಹಾದುಹೋಯಿತು. ಆದರೆ ಅಳತೆ ಮುಗಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಆರರಲ್ಲಿ ನಾಲ್ಕು ಕಲ್ಲು ಮಾತ್ರ ವೆಂಕಟರಮಣಪ್ಪನವರ ಜಮೀನಿನಲ್ಲಿದ್ದವು. ಉಳಿದೆರಡು ಪಕ್ಕದ ಹೊಲಕ್ಕೆ ನುಗ್ಗಿ ಅಲ್ಲಿಯೂ ಮುಕ್ಕಾಲು ಎಕರೆ ತಿಂದಿದ್ದವು. ಆ ಹೊಲ ಅಂಜಿನಮ್ಮ ಎಂಬುವರದು, ವಯಸ್ಸು ಐವತ್ತೆಂಟು, ಗಂಡ ತೀರಿಕೊಂಡು ಹನ್ನೆರಡು ವರ್ಷ. ವೆಂಕಟರಮಣಪ್ಪನವರಿಗೆ ಹನ್ನೆರಡು ಎಕರೆ ಮಾರಿದ್ದು ಈಕೆಯ ಮೈದುನ ಮುನಿಕೃಷ್ಣಪ್ಪ, ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿರುವವನು.

ಅಂಜಿನಮ್ಮ ಹೊಲದಲ್ಲಿ ರಾಗಿ ಸಾಲಿಗೆ ಕುಂಟೆ ಹೊಡೆಯುತ್ತಿದ್ದರು. ಆ ಊರಿನಲ್ಲಿ ಹೆಂಗಸರು ಕಳೆ ಕೀಳುತ್ತಾರೆ, ನಾಟಿ ಮಾಡುತ್ತಾರೆ, ಎತ್ತು ಹೂಡುವುದಿಲ್ಲ. ಈಕೆ ಹೂಡುತ್ತಿದ್ದರು. ಎತ್ತುಗಳು ಎತ್ತರದ ಬಿಳಿ ಜೋಡಿ. ಅವುಗಳ ಮೈ ನೋಡಿದರೆ ಒಡತಿ ಏನು ಉಣ್ಣುತ್ತಾಳೋ ಬಿಡುತ್ತಾಳೋ, ಅವುಗಳಿಗೆ ಯಾವತ್ತೂ ಕಡಿಮೆ ಮಾಡಿಲ್ಲ ಎಂದು ತಿಳಿಯುತ್ತಿತ್ತು.

"ನಿಮ್ಮ ಜಮೀನಿಗೂ ಕಲ್ಲು ಬಂದಿವೆಯಲ್ಲಮ್ಮ. ನೋಡಿದ್ರಾ?"

"ನೋಡ್ದೆ."

"ಮುಕ್ಕಾಲು ಎಕರೆ ಹೋಗಿದೆ."

"ಊಂ."

"ದೂರು ಯಾಕೆ ಕೊಡಲಿಲ್ಲ?"

"ನಮ್ ಮಾವನ ಕಾಲ್ದಿಂದ ಅದು ಉತ್ತಿದ್ ನೆಲ ಅಲ್ಲ ಸಾ. ಕಾಡ್ನಾಗಿದ್ರೇನು, ನಂದ್ರಾಗಿದ್ರೇನು. ಹೋಯ್, ಹೋಯ್!" ಎಂದು ಎತ್ತುಗಳನ್ನು ತಿರುಗಿಸಿಕೊಂಡು ಹೊರಟೇಬಿಟ್ಟರು.

ಶ್ಯಾಮಣ್ಣ ಆಕೆಯ ಹೆಸರನ್ನು ನಷ್ಟಕ್ಕೊಳಗಾದವರ ಪಟ್ಟಿಯಲ್ಲಿ ಎರಡನೆಯದಾಗಿ ಬರೆದುಕೊಂಡರು. ತನ್ನ ಜಮೀನನ್ನು ತಾನೇ ಕಿರಿದು ಮಾಡಿಕೊಳ್ಳುವವರು ಎಲ್ಲಿದ್ದಾರೆ? ಅವರ ತಲೆಯಲ್ಲಿ ಕಲ್ಲು ಕಿತ್ತವನು ಗಂಡಸು, ಒಬ್ಬನಲ್ಲ, ಮೂರು ನಾಲ್ಕು ಜನ. ಎರಡು ದಿನ ಅವರು ಊರಿನ ಗಟ್ಟಿಮುಟ್ಟಾದ ಗಂಡಸರ ಹೆಸರುಗಳನ್ನೇ ಬರೆಯುತ್ತ, ಹೊಡೆದುಹಾಕುತ್ತ ಕುಳಿತರು.

ಶುಕ್ರವಾರ ಆಗಸ್ಟ್ 15. ಠಾಣೆಯ ಮುಂದೆ ಧ್ವಜಾರೋಹಣವಾಗಿ ಮಿಠಾಯಿ ಹಂಚುವ ಹೊತ್ತಿಗೆ ಪಾಪಯ್ಯನ ಹೆಂಡತಿ ನಾರಾಯಣಮ್ಮ ಕ್ವಾರ್ಟರ್ಸಿನಿಂದ ಬಂದರು. ಜಗಲಿಯ ಮೇಲೆ ಹಳೆಯ ಬಾಣಲೆಯಲ್ಲಿ ನೆಟ್ಟಿದ್ದ ಜಪ್ತಿ ಪೈರಿನ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ.

"ಅಯ್ಯೋ, ಹಾರಕ! ಇದೆಲ್ಲಿ ಸಿಕ್ತು ನಿಮ್ಗೆ?"

"ಯಾವುದು?" ಶ್ಯಾಮಣ್ಣ ಮಿಠಾಯಿ ತಟ್ಟೆ ಕೆಳಗಿಟ್ಟು ಬಂದರು.

ನಾರಾಯಣಮ್ಮ ಬುಡ ಕೆನ್ನೀಲಿಯಾಗಿದ್ದ ಒಂದು ತೆಳ್ಳನೆಯ ಪೈರನ್ನು ತೋರಿಸಿದರು. ಹುಲ್ಲೆಂದು ಎಲ್ಲರೂ ಬಿಟ್ಟುಬಿಟ್ಟಿದ್ದದ್ದು. "ನಮ್ ಅಜ್ಜಿ ಮನೇಲಿ ಅನ್ನ ಅಂದ್ರೆ ಇದ್ರದ್ದೇ ಸಾರ್. ರೇಷನ್ ಅಕ್ಕಿ ಬಂದ್ಮೇಲೆ ಯಾರೂ ಬಿತ್ತಾಕಿಲ್ಲ. ನಾನು ನೋಡಿ ಹದಿನೈದು ವರ್ಷ ಆಯ್ತು."

"ಖಂಡಿತಾನಾ?"

"ಪೊಲೀಸ್ನೋನ್ನ ಮದ್ವೆ ಆದ್ರೂ ರೈತನ್ ಮಗಳು ಸಾರ್ ನಾನು."

ಪಾಪಯ್ಯನ ಮುಖ ಆ ಹೊತ್ತು ಧ್ವಜಕ್ಕಿಂತ ಎತ್ತರದಲ್ಲಿತ್ತು.

ಶನಿವಾರ ಪಾಪಯ್ಯ ಮಫ್ತಿಯಲ್ಲಿ ಹೊನ್ನೆದೊಡ್ಡಿಗೆ ಹೋದ. ಹೆಂಡತಿಗೆ ಸಕ್ಕರೆ ಕಾಯಿಲೆ, ಹಾರಕದ ಅನ್ನ ಒಳ್ಳೇದಂತೆ, ಎಲ್ಲಾದರೂ ಸಿಗುತ್ತದಾ ಎಂದು ಮನೆ ಮನೆ ಕೇಳಿದ. ಸುಳ್ಳು ಹೇಳಿದ್ದಕ್ಕೆ ಸಂಜೆ ಹೆಂಡತಿಯಿಂದ ಬೈಸಿಕೊಂಡ, ಅದು ಬೇರೆ ಮಾತು. ಏಳು ಮನೆಯವರೂ ಒಂದೇ ಹೆಸರು ಹೇಳಿದರು. ಏಳನೇ ಮನೆಯ ಮುನಿರತ್ನಮ್ಮ ಎಂಬಾಕೆ ಕೇಳದೇ ಇನ್ನೊಂದು ಮಾತನ್ನೂ ಸೇರಿಸಿದರು: "ಅಂಜಿನಮ್ಮ ಒಂದ್ ಸಂತೇನೂ ತಪ್ಪಿಸ್ದೋಳಲ್ಲ. ಹೋದ್ ತಿಂಗ್ಳು ಮೂರ್ ಸಂತೆ ಬರ್ಲಿಲ್ಲ. ಎತ್ತಿಗೆ ಕಾಲ್ನೋವು ಅಂದ್ಲು. ನೋಡಿದ್ರೆ ಎತ್ತು ಚೆನ್ನಾಗೇ ಅವೆ."

ಸಂತೆಯ ದಿನ ಹೊನ್ನೆದೊಡ್ಡಿಯಲ್ಲಿ ಹಗಲಿಡೀ ಜನವಿರುವುದಿಲ್ಲ. ಮೂರು ಸಂತೆ, ಆರು ಕಲ್ಲು. ಶ್ಯಾಮಣ್ಣ ನಷ್ಟಕ್ಕೊಳಗಾದವರ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಮ್ಮ ದಡ್ಡತನಕ್ಕೆ ತಾವೇ ನಕ್ಕರು. ಇಡೀ ಕೇಸಿನಲ್ಲಿ ಜಮೀನು ಕಳೆದುಕೊಂಡೂ ಬಾಯಿ ಬಿಡದಿದ್ದವರು ಒಬ್ಬರೇ. ಅದನ್ನು ಕೇಳಿ, ಬರೆದುಕೊಂಡು, ಎತ್ತಿನ ಮೈ ನೋಡುತ್ತ ಬಂದುಬಿಟ್ಟಿದ್ದರು.

ಆಗಸ್ಟ್ 18, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಜೀಪು ಮತ್ತೆ ಹೊನ್ನೆದೊಡ್ಡಿಗೆ ಹೋಯಿತು. ಹೊಸೂರಿನಿಂದ ಮಹಿಳಾ ಕಾನ್‌ಸ್ಟೇಬಲ್ ಮಂಗಮ್ಮನನ್ನು ಕರೆಸಿದ್ದರು. ದೂರುದಾರರಿಗೂ ಬರಲು ಹೇಳಿ ಕಳಿಸಿದ್ದರು. ಅಂಜಿನಮ್ಮ ಕೊಟ್ಟಿಗೆಯ ಮುಂದೆ ಎತ್ತುಗಳ ಮೈ ತಿಕ್ಕುತ್ತಿದ್ದರು.

"ನಿಮ್ಮ ಮನೆಯಲ್ಲಿ ಹಾರಕ ಇದೆಯಂತೆ?"

ಆಕೆಯ ಮುಖ ಅರಳಿತು. "ಐತೆ. ನಮ್ ಅತ್ತೆ ಕೈಯಾಗೆ ಕೊಟ್ಟ ಬೀಜ. ಮೂರು ತಲೆಮಾರು ಬಿಟ್ಟಿಲ್ಲ ಸಾ. ಈ ಸುತ್ನಾಗೆ ನಮ್ ಮನೇಲಿ ಬಿಟ್ರೆ ಎಲ್ಲೂ ಸಿಗಾಕಿಲ್ಲ."

ಶ್ಯಾಮಣ್ಣ ಬಾಣಲೆಯನ್ನು ತರಿಸಿ ಅವರ ಮುಂದಿಟ್ಟರು. ಅಂಜಿನಮ್ಮ ಬಗ್ಗಿ ಪೈರನ್ನು ಸವರಿ ನೋಡಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತರು. ಹೆದರಿದ ಗುರುತು ಒಂದಿಷ್ಟೂ ಇರಲಿಲ್ಲ.

"ಚೆನ್ನಾಗಿ ಬಂದೈತೆ," ಎಂದರು.

"ಕಲ್ಲು ಕಿತ್ತಿದ್ದು ನೀವೇನಾ?"

"ನಾನೇ."

"ಈ ಕಾಳು ಹಾಕದೇ ಇದ್ದಿದ್ರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ."

"ಬರಿಗುಂಡಿ ಬಿಟ್ಟು ಬರಾಕಾಯ್ತದಾ ಸಾ? ಭೂಮ್ತಾಯಿ ಬಾಯಿ ಅದು. ಸರ್ಕಾರದ ಕಣ್ ತಪ್ಪಿಸ್ಬೋದು, ಅವ್ಳ ಕಣ್ ತಪ್ಪಿಸಾಕಾಯ್ತದಾ?"

"ಯಾರು ಸಹಾಯ ಮಾಡಿದ್ರು?"

"ಯಾರೂ ಇಲ್ಲ."

ಪಾಪಯ್ಯ ಮೆಲ್ಲಗೆ, "ಅಕ್ಕಾ, ಯಾರೋ ಹೇಳಿಕೊಟ್ರು, ಜೊತೇಲಿದ್ರು ಅಂದ್ರೆ ಶಿಕ್ಷೆ ಹಗುರ ಆಗ್ಬೋದು" ಎಂದ.

ಅಂಜಿನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾರೆ ನಂದು, ಹಗ್ಗ ನಂದು, ಕುಂಟೆ ಮಗುಚಿ ಅದ್ರ ಮೇಲೆ ಕಲ್ ಕಟ್ಟಿ ಎಳ್ಸಿದ್ದು ನನ್ ಎತ್ತು. ಒಂದ್ ಸಂತೆಗೆ ಎರಡು ಕಲ್ಲು. ದೊಡ್ಡೋನ್ ಹೆಸ್ರು ರಾಮ, ಚಿಕ್ಕೋನು ಭೀಮ. ಅವುರ್ ಹೆಸ್ರೂ ಬರ್ಕೊಳ್ಳಿ ಬೇಕಾದ್ರೆ. ಬೇರೆಯೋರ್ ಹೆಸ್ರು ಮಾತ್ರ ಬರೀಬ್ಯಾಡಿ."

ಮಂಗಮ್ಮ ನಗು ತಡೆಯಲಾರದೆ ಆ ಕಡೆ ತಿರುಗಿದಳು. ಶ್ಯಾಮಣ್ಣನವರಿಗೆ ನಗುವಿಗಿಂತ ಹೆಮ್ಮೆ ಬಂತು. ತನ್ನ ಸೀಮೆಯ ಹೆಂಗಸೊಬ್ಬಳು, ಐವತ್ತೆಂಟರ ವಯಸ್ಸಿನಲ್ಲಿ, ಊರಿನ ಗಂಡಸರು ನಾಲ್ಕು ಜನ ಸೇರಿ ಎತ್ತುವ ಕಲ್ಲುಗಳನ್ನು ಹಾಡುಹಗಲಲ್ಲಿ ಒಬ್ಬಳೇ ಸಾಗಿಸಿ ಸಾಲು ತಪ್ಪದಂತೆ ನೆಟ್ಟಿದ್ದಳು. ಅಪರಾಧಿಯ ಬಗ್ಗೆ ಹೆಮ್ಮೆ ಪಡಬಾರದೆಂದು ಯಾವ ಕೈಪಿಡಿಯಲ್ಲೂ ಅವರು ಓದಿದ ನೆನಪಿರಲಿಲ್ಲ.

"ಯಾಕೆ ಮಾಡಿದ್ರಿ?"

"ಮುನಿಕೃಷ್ಣ ಮಾರೋ ಮುಂಚೆ ಹೇಳ್ದೆ, ಹಾದಿ ಬಿಟ್ಟು ಮಾರ್ಲಾ ಅಂತ. ಕೇಳ್ಲಿಲ್ಲ. ತಾಲ್ಲೂಕ್ ಆಫೀಸ್ಗೆ ಹೋದೆ. ಪಟ್ಟಾ ಜಮೀನು, ನಾವೇನ್ ಮಾಡಾಕಾಗಲ್ಲ ಅಂದ್ರು. ಫಾರೆಸ್ಟ್‌ಗೆ ಹೋದೆ. ಕಲ್ಲಿಂದ ಆಚೆ ನಮ್ದಲ್ಲ ಅಂದ್ರು. ಎಲ್ರೂ ಕಲ್ಲು ಕಲ್ಲು ಅಂದ್ರು. ಸರ್ಕಾರ ಮನುಸ್ರ ಮಾತು ಕೇಳಾಕಿಲ್ಲ, ಕಲ್ಲಿನ್ ಮಾತು ಕೇಳ್ತದೆ ಅಂತ ಗೊತ್ತಾಯ್ತು. ಅದ್ಕೆ ಕಲ್ಲಿಗೇ ಹೇಳ್ದೆ, ಬಾ ಅಂತ."

"ನಿಮ್ಮ ಜಮೀನನ್ನೂ ಸೇರಿಸಿದ್ರಲ್ಲ?"

"ಅವ್ರ್ದು ಮಾತ್ರ ತಕ್ಕೊಂಡು ನಂದು ಉಳಿಸ್ಕೊಂಡ್ರೆ ಅದು ಕಳ್ತನ ಆಯ್ತದಲ್ಲ ಸಾ."

ಆಗ ವೆಂಕಟರಮಣಪ್ಪ ಅಂಗಳದ ಬೇಲಿ ದಾಟಿ ಒಳಗೆ ಬಂದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಕ್ಕಾ, ಎಲ್ಲಾ ಆಫೀಸ್ಗೂ ಹೋದೆ ಅಂದ್ರಿ. ನನ್ ಹತ್ರ ಬಂದು ಒಂದ್ ಮಾತು ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಕೊಡ್ತಿದ್ರಾ?"

ವೆಂಕಟರಮಣಪ್ಪ ಸುಳ್ಳು ಹೇಳುವ ಮನುಷ್ಯ ಅಲ್ಲ. "ಗೊತ್ತಿಲ್ಲ," ಎಂದರು. "ಆದ್ರೆ ಮೂಕಂಡಪಲ್ಲೀಲಿ ನಮ್ ಹೊಲಕ್ಕೆ ಒಂದಿನ ಬೆಳಿಗ್ಗೆ ಬಂದು ಕಲ್ ನೆಟ್ರು. ರಾಗಿ ತೆನೆ ಬಿಟ್ಟಿತ್ತು. ನಮ್ಮಪ್ಪ ಇನ್ನೂ ಇದ್ರು. ಅವ್ರನ್ನೂ ಯಾರೂ ಒಂದ್ ಮಾತು ಕೇಳ್ಲಿಲ್ಲ. ಇಲ್ಗೆ ಬಂದ್ರೆ ನೀವೂ ಹಂಗೇ ಮಾಡಿದ್ರಿ."

ಪೊಲೀಸರಿಗೂ ತಲೆ ತಗ್ಗಿಸದಿದ್ದ ಅಂಜಿನಮ್ಮ ಮೊದಲ ಸಲ ನೆಲ ನೋಡಿದರು. ಆಮೇಲೆ ಶ್ಯಾಮಣ್ಣನವರ ಕಡೆ ತಿರುಗಿದರು.

"ಸಾ, ಬರ್ಕೊಳ್ಳಿ. ಕಲ್ ಕಿತ್ತಿದ್ದು ತಪ್ಪು ಅಂತ ನಾನು ಒಪ್ಪಾಕಿಲ್ಲ. ಆ ಅಣ್ಣನ್ನ ಕೇಳ್ದೆ ಇದ್ದಿದ್ದು ತಪ್ಪು. ಅದ್ನ ಬರ್ಕೊಳ್ಳಿ."

ಶ್ಯಾಮಣ್ಣ ಹಾಗೆಯೇ ಬರೆದುಕೊಂಡು ಓದಿ ಹೇಳಿದರು. ಆಕೆ ಹೆಬ್ಬೆಟ್ಟು ಒತ್ತಿದರು. ಹತ್ತು ಗಂಟೆ ಐವತ್ತು ನಿಮಿಷಕ್ಕೆ ದಸ್ತಗಿರಿ ಎಂದು ನಮೂದಾಯಿತು. ಜಾಮೀನು ಸಿಗುವ ಗುನ್ನೆ, ಸಂಜೆಯೊಳಗೆ ಮನೆಗೆ ಬರಬಹುದು ಎಂದು ಶ್ಯಾಮಣ್ಣ ತಿಳಿಸಿದರು. ಕೋಳ ಹಾಕಲಿಲ್ಲ. ಅಂಜಿನಮ್ಮ ಎತ್ತುಗಳಿಗೆ ಹುಲ್ಲು ಎಳೆದು ಹಾಕಿ, ಪಕ್ಕದ ಮನೆಯವರಿಗೆ ನೀರು ತೋರಿಸಲು ಹೇಳಿ, ಒಗೆದ ಸೀರೆಯುಟ್ಟು ಬಂದರು. ಬೀದಿಯಲ್ಲಿ ಊರೇ ನಿಂತಿತ್ತು. ದೊಡ್ಡಣ್ಣ ತಲೆಯ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದಿದ್ದರು.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟವರು ಇಳಿದು ವೆಂಕಟರಮಣಪ್ಪನವರ ಮುಂದೆ ಬಂದು ನಿಂತರು.

"ಅಣ್ಣಾ, ಕಲ್ಲೆಲ್ಲಾ ವಾಪಸ್ ಹೋಯ್ತವೆ, ಇವ್ರೇ ನೆಡಿಸ್ತಾರೆ. ಜಮೀನು ನಿಮ್ದೇ. ಈಗ ಕೇಳ್ತೀನಿ. ಆನೆಗೆ ಹಾದಿ ಬಿಡ್ತೀರಾ?"

ವೆಂಕಟರಮಣಪ್ಪ ಬೆಟ್ಟದ ಕಡೆ ನೋಡಿದರು, ತಮ್ಮ ಹೊಲದ ಕಡೆ ನೋಡಿದರು. ಕಂಕುಳಲ್ಲಿದ್ದ ಪತ್ರಗಳನ್ನು ಇನ್ನೂ ಒತ್ತಿ ಹಿಡಿದುಕೊಂಡರು.

"ಮೊದ್ಲು ಕಲ್ಲು ಅದ್ರ ಜಾಗಕ್ಕೆ ಹೋಗ್ಲಿ," ಎಂದರು. "ಆ ನೆಲ ನಂದು ಅಂತ ಸರ್ವೇಯರ್ ಬರ್ದು ಕೊಡ್ಲಿ. ಆಮೇಲೆ ಕಂದಕನ ನೂರೈವತ್ತು ಅಡಿ ಈಚ್ಗೆ ತೋಡ್ಸ್ತೀನಿ. ಕಿತ್ಕೊಂಡ್ರೆ ನಾನು ಕೊಡಾಕಿಲ್ಲ ಅಕ್ಕಾ. ನಂದು ಅಂತ ಆದ್ಮೇಲೆ ಕೊಡ್ತೀನಿ. ಒಂದ್ಸಲನಾದ್ರೂ ನೆಲನ ನಾನಾಗಿ ಕೊಟ್ಟೆ ಅಂತ ಇರ್ಲಿ."

ಅಂಜಿನಮ್ಮ ಎರಡೂ ಕೈ ಜೋಡಿಸಿದರು. ಆಮೇಲೆ ಸೆರಗು ಸರಿಪಡಿಸಿಕೊಂಡು, ತಲೆಯೆತ್ತಿಕೊಂಡು ಜೀಪು ಹತ್ತಿ, ಮಂಗಮ್ಮನ ಪಕ್ಕದಲ್ಲಿ ತವರಿಗೆ ಹೊರಟವರ ಹಾಗೆ ಕುಳಿತರು.

ಅಂದು ಸಂಜೆ ಐದಕ್ಕೆ ಆಕೆಗೆ ಜಾಮೀನಾಯಿತು. ಜಾಮೀನುದಾರರ ಜಾಗದಲ್ಲಿ ಸಹಿ ಹಾಕಿದವರು ಮೂಕಂಡಪಲ್ಲಿಯ ವೆಂಕಟರಮಣಪ್ಪ. ದೂರು ಕೊಟ್ಟವರೇ ಜಾಮೀನು ನಿಂತರೆ ಕಾನೂನು ಒಪ್ಪುತ್ತದೆಯೇ ಎಂದು ಪಾಪಯ್ಯ ಪುಸ್ತಕ ತೆಗೆದು ನೋಡಿದ. ಬೇಡವೆಂದು ಎಲ್ಲೂ ಬರೆದಿರಲಿಲ್ಲ.

ಎಲ್ಲರೂ ಹೋದ ಮೇಲೆ ಶ್ಯಾಮಣ್ಣ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂದಿದ್ದ ಕಡೆ ಸಾಮಾನ್ಯವಾಗಿ ದುರಾಸೆ, ದ್ವೇಷ, ಹಳೇ ಜಗಳ ಎಂದು ಬರೆಯುತ್ತಿದ್ದರು. ಇವತ್ತು ತಮಿಳು ಕಡತದಲ್ಲಿ ಒಂದೇ ಸಾಲು ಬರೆದರು. ತನ್ನ ಊರಿಗೂ ಕಾಡಿಗೂ ಇದ್ದ ಒಪ್ಪಂದವನ್ನು, ತನ್ನ ಪಾಲಿನ ನೆಲವನ್ನೂ ಕೊಟ್ಟು, ಆರೋಪಿಯು ಉಳಿಸಲು ಹೋದರು ಎಂದು. ಕೆಳಗೆ ಸಹಿ ಮಾಡಿ, ಹೆಸರು ಬರೆದು, ತಮ್ಮ ಹುಟ್ಟೂರಿನ ಹೆಸರನ್ನೂ ಸೇರಿಸಿದರು. ಅದನ್ನು ಬರೆಯಬೇಕೆಂಬ ನಿಯಮ ಯಾವ ಫಾರಮಿನಲ್ಲೂ ಇರಲಿಲ್ಲ.